ಮೊದಲು ಬಿಸಿ, ಆಮೇಲೆ ಊಟ

‘ಹಸಿವಾದ್ರೆ ತಾನೇ ತಿನ್ನುತ್ತೆ ಬಿಡು’ ಅನ್ನೋದು ನಮ್ಮಲ್ಲಿ ಮಕ್ಕಳಿಗೂ ಕರುಗಳಿಗೂ ಹೇಳುವ ಮಾತು. ಇಗ್ವಾನಾ ಮರಿಯ ವಿಷಯದಲ್ಲಿ ಈ ಮಾತು ನಡೆಯೋದಿಲ್ಲ. ಅದು ಶೀತರಕ್ತದ ಪ್ರಾಣಿ. ಹೊರಗಿನಿಂದ ಮೈಗೆ ಬಿಸಿ ಸಿಗದಿದ್ದರೆ ತಿಂದಿದ್ದು ಅರಗೋದಿಲ್ಲ. ಅರಗದಿದ್ದರೆ ಹಸಿವೂ ಆಗೋದಿಲ್ಲ.

ಇದೆಲ್ಲ ನನಗೆ ತಿಳಿದಿದ್ದು ಕಳೆದ ಡಿಸೆಂಬರ್‌ನಲ್ಲಿ, ವೈಟ್‌ಫೀಲ್ಡ್‌ನ ನಮ್ಮ ಬಾಡಿಗೆ ಫ್ಲ್ಯಾಟಿನಲ್ಲಿ. ಹಸಿರು ಇಗ್ವಾನಾ ಮರಿ ನನ್ನ ತಮ್ಮನದು, ಹೆಸರು ಚಿಗುರು. ನಮ್ಮ ಕಾಡಿನ ಉಡವನ್ನು ಮನೆಯಲ್ಲಿ ಸಾಕುವುದು ಅಪರಾಧ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಇಗ್ವಾನಾ ಸಾಕಬಹುದು, ಆದರೆ 2024ರ ನಿಯಮದ ಪ್ರಕಾರ ಕೇಂದ್ರ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಆಗಬೇಕು. ತಮ್ಮ ಆ ಕೆಲಸ ಮುಗಿಸಿದ್ದ. ಅವನಿಗೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೈಟ್ ಶಿಫ್ಟ್. ಬೆಳಗ್ಗೆ ಬಂದು ಮಲಗಿದ ಅಂದ್ರೆ ಚಿಗುರು ನನ್ನ ಪಾಲು.

ಅದೇ ವಾರ ಹಾಸನದಿಂದ ಅಮ್ಮ ಬಂದಿದ್ದಳು. ಅಪ್ಪ ತೀರಿಕೊಂಡು ಎರಡು ತಿಂಗಳಾಗಿತ್ತು. ಅಮ್ಮ ತಟ್ಟೆ ಮುಂದೆ ಕೂತು ಎರಡು ತುತ್ತು ತಿಂದು, “ಸಾಕು ಕಣೇ” ಅಂತ ಎದ್ದುಬಿಡೋಳು. ಒತ್ತಾಯ ಮಾಡಿದರೆ ಅದನ್ನೂ ಬಿಡೋಳು.

ಚಿಗುರೂ ನಾಲ್ಕು ದಿನದಿಂದ ಏನನ್ನೂ ಮುಟ್ಟಿರಲಿಲ್ಲ. “ಹಲ್ಲಿ ಜಾತಿ ಅಂದ್ಮೇಲೆ ಹುಳ ಹಾಕ್ಬೇಕಲ್ವೇನೇ?” ಅಂದಳು ಅಮ್ಮ. ಇಗ್ವಾನಾ ಸೊಪ್ಪು ತಿನ್ನೋ ಪ್ರಾಣಿ ಅಂದೆ. “ಸಸ್ಯಾಹಾರಿನಾ? ಮುಖ ನೋಡಿದ್ರೆ ಹಂಗೆ ಕಾಣಲ್ಲ” ಅಂತ ನಕ್ಕಳು. ಇಲ್ಲಿಗೆ ಬಂದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು.

ಸರೀಸೃಪಗಳನ್ನು ನೋಡುವ ಪಶುವೈದ್ಯರು ಮೊದಲು ಕೇಳಿದ್ದು ಸೊಪ್ಪಿನ ಬಗ್ಗೆ ಅಲ್ಲ, “ಟ್ಯಾಂಕಿನೊಳಗೆ ಎಷ್ಟು ಡಿಗ್ರಿ ಇದೆ?” ಅಂತ. ಮರಿ ಮೈ ಕಾಯಿಸುವ ಕೊಂಬೆಯ ಹತ್ತಿರ ಸುಮಾರು 35 ಡಿಗ್ರಿ ಇರಬೇಕು, ರಾತ್ರಿ 24ರ ಕೆಳಗೆ ಇಳಿಯಬಾರದು ಅಂದರು. ಡಿಸೆಂಬರ್ ರಾತ್ರಿ ಬೆಂಗಳೂರಲ್ಲಿ ಹೊರಗೆ 15-16 ಡಿಗ್ರಿ! ಬೆಳಕು ಬೀರದ ಸೆರಾಮಿಕ್ ಹೀಟರ್ ಬಂತು. ಯುವಿಬಿ ಬಲ್ಬ್ ಕೂಡ ಬದಲಾಯಿತು. ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ಡಿ3 ವಿಟಮಿನ್ ಆ ಕಿರಣದಿಂದಲೇ ತಯಾರಾಗಬೇಕು. ಕಿಟಕಿ ಗಾಜು ಯುವಿಬಿಯನ್ನು ತಡೆಯುತ್ತದೆ, ಹಾಗಾಗಿ ಬಾಲ್ಕನಿ ಗಾಜಿನೊಳಗೆ ಬರುವ ಬಿಸಿಲು ಸಾಲದು. ಬಲ್ಬ್ ಉರಿಯುತ್ತಿದ್ದರೂ ಕೆಲವು ತಿಂಗಳ ಬಳಿಕ ಅದರ ಯುವಿಬಿ ಕುಗ್ಗುತ್ತಾ ಹೋಗುತ್ತದೆ.

ಇನ್ನೊಂದು ಮಾತೂ ಹೇಳಿದರು: ಮೇಲಿನಿಂದ ಕೈ ಹಾಕಬೇಡಿ. ಕಾಡಿನಲ್ಲಿ ಮೇಲಿನಿಂದ ಬರೋದು ಹದ್ದು, ಗಿಡುಗ. ಟ್ಯಾಂಕಿನ ಮೂರು ಬದಿಗೆ ಬಟ್ಟೆ ಕಟ್ಟಿ, ಸೊಪ್ಪು ಇಟ್ಟು, ದೂರ ಹೋಗಿ. ಬಾಯಿಗೆ ತುರುಕಬೇಡಿ. ಕಾಲು ನಡುಗಿದರೆ, ದವಡೆ ಊದಿದರೆ ತಕ್ಷಣ ಕರೆತನ್ನಿ.

ಸೊಪ್ಪಿನ ಜವಾಬ್ದಾರಿ ಅಮ್ಮನಿಗೆ ಹೋಯಿತು, ಯಾರೂ ವಹಿಸಿದ್ದಲ್ಲ. ಪಾಲಕ್ ದಿನಾ ಬೇಡ, ಅದರಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ ಅಂತ ಓದಿ ಹೇಳಿದೆ. ಸೆಕ್ಯುರಿಟಿ ರೂಮಿನ ಪಕ್ಕ ಒಂದು ನುಗ್ಗೆ ಮರ ಇರೋದು ಮೂರು ವರ್ಷದಿಂದ ಇಲ್ಲಿರುವ ನನಗೆ ಗೊತ್ತಿರಲಿಲ್ಲ. ಅಮ್ಮ ಆಗಲೇ ನೋಡಿಟ್ಟಿದ್ದಳು. ಬೆಳಗ್ಗೆ ಸೊಪ್ಪು ಕಿತ್ತು, ಔಷಧಿ ಹೊಡೆಯದ ಗಿಡದ ಒಂದು ಕೆಂಪು ದಾಸವಾಳ ತಂದು, ಎರಡನ್ನೂ ಸಣ್ಣಗೆ ಹೆಚ್ಚಿ ಇಡೋಳು. ಟ್ಯಾಂಕ್ ಬಿಸಿಯಾಗಲಿ ಅಂತ ಹತ್ತು ಗಂಟೆವರೆಗೆ ಕಾಯೋಳು.

ಮೂರನೇ ದಿನ ನಾನು ಮೀಟಿಂಗಿನಲ್ಲಿದ್ದಾಗ ಬಾಗಿಲ ಹತ್ತಿರ ಬಂದು ಕೈಸನ್ನೆ ಮಾಡಿದಳು. ದಾಸವಾಳದ ಒಂದು ಎಸಳು ಚಿಗುರಿನ ಬಾಯಲ್ಲಿ ಅರ್ಧ ಹೊರಗೆ ನೇತಾಡುತ್ತಿತ್ತು. ಅಡುಗೆಮನೆ ತಕ್ಕಡಿಯಲ್ಲಿ ಆ ದಿನ 38 ಗ್ರಾಂ. ಹತ್ತು ದಿನಕ್ಕೆ 41.

ನುಗ್ಗೆ ಸೊಪ್ಪು ಚಿಗುರಿಗೆ ಬೇಕಾಗೋದು ಒಂದು ಚಿಟಿಕೆ, ಅಮ್ಮ ತರೋದು ಒಂದು ಮಡಿಲು. “ಉಳಿದಿದ್ದು ಬಿಸಾಕೋದ್ಯಾಕೆ” ಅಂತ ಒಂದು ಮಧ್ಯಾಹ್ನ ಬಸ್ಸಾರು ಮಾಡಿ ಮುದ್ದೆ ಕಟ್ಟಿದಳು. ನಾನು ಲ್ಯಾಪ್‌ಟಾಪ್ ನೋಡುತ್ತಾ ಸುಮ್ಮನೆ ಊಟ ಮಾಡಿದೆ, ಏನೂ ಕೇಳಲಿಲ್ಲ. ಅಮ್ಮ ಪೂರ್ತಿ ಒಂದು ಮುದ್ದೆ ಉಂಡು, ಇನ್ನೊಂದು ಸೌಟು ಸಾರು ಹಾಕಿಕೊಂಡಳು.