ಚಳಿಗಾಲದ ತಲೆಪಟ್ಟಿ

ಸಮುದ್ರಮಟ್ಟಕ್ಕಿಂತ ಸುಮಾರು 2,700 ಅಡಿ ಎತ್ತರದಲ್ಲಿರುವ ನಮ್ಮ ಕೋಲಾರದಲ್ಲಿ ಕ್ರಿಸ್‌ಮಸ್ ಸಮೀಪಿಸಿದಂತೆ ಚಳಿಯು ಬಲಿಯುವುದು. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯಿಂದ ಮುಂಜಾನೆಯ ಬಸ್ಸಿನಲ್ಲಿ ಬರುವ ಬಾಲಿಕೆಯರು ಕಿವಿನೋವೆಂದು ಅಳುವುದುಂಟು. ಟೋಪಿಯೋ ಎರಡು ಜಡೆಗಳ ಮೇಲೆ ಕೂರಲೊಲ್ಲದು. ಆದುದರಿಂದ ಹೊಲಿಗೆಯ ತರಗತಿಯಲ್ಲಿ ಮೇಜಿನ ಲೇಸುಗಳನ್ನು ಬದಿಗಿರಿಸಿ ಉಣ್ಣೆಯ ತಲೆಪಟ್ಟಿಯನ್ನು ಕಲಿಸತೊಡಗಿದೆವು. ಯಾರೂ ಮುಟ್ಟಬಾರದ ಆ ಲೇಸುಗಳ ಮೇಲೆ ನನಗೆ ಎಂದಿಗೂ ಪ್ರೀತಿಯಿರಲಿಲ್ಲ.

ದಪ್ಪ ಉಣ್ಣೆ, ದಪ್ಪ ಕ್ರೋಶಾ ಕಡ್ಡಿ, ನಾಲ್ಕು ಬೆರಳಗಲದ ಸರಪಣಿ, ಇಷ್ಟರಿಂದ ಆರಂಭ. ಬಳಿಕ ಪ್ರತಿ ಸಾಲಿನಲ್ಲಿಯೂ ಕೊಂಡಿಯ ಎರಡೆಳೆಗಳಲ್ಲಿ ಹಿಂದಿನದನ್ನು ಮಾತ್ರ ಎತ್ತಿಕೊಂಡು ಹೆಣೆದರೆ, ಉತ್ತ ಹೊಲದ ಸಾಲುಗಳಂತೆ ಏಣುಗಳು ಮೂಡುವುವು. ಇದು ಕೇವಲ ಅಂದಕ್ಕಲ್ಲ. ಏಣುಗಳ ನಡುವೆ ಗಾಳಿಯು ನಿಂತು ಬೆಚ್ಚಗಿಡುವುದು, ಪಟ್ಟಿಯು ಹಿಗ್ಗಿ ಕುಗ್ಗುವುದು. ತಲೆಯ ಸುತ್ತಳತೆಗೆ ಎರಡಂಗುಲ ಕಡಿಮೆಯಿರುವಾಗಲೇ ನಿಲ್ಲಿಸಿ ತುದಿಗಳನ್ನು ಕೂಡಿಸತಕ್ಕದ್ದು. ಎರಡು ಸಂಜೆಗಳ ಕೆಲಸ.

ಪೋಷಕರೊಬ್ಬರು ಬಂದು, ಹತ್ತನೆಯ ತರಗತಿಗಾದರೂ ಈ ಗಂಟೆಯನ್ನು ಗಣಿತಕ್ಕೆ ಬಿಟ್ಟುಕೊಡಿರೆಂದು ಕೇಳಿದರು. ನಾನು ಒಪ್ಪಲಿಲ್ಲ. ಕೊಂಡಿ ತಪ್ಪಿದಾಗ ಬಿಚ್ಚಿ, ಮೊದಲಿನಿಂದ ಎಣಿಸುವ ಹುಡುಗಿಯು ಕಲಿಯುತ್ತಿರುವುದು ಮತ್ತೇನನ್ನು? ಅವರ ಮಗಳೇ ಎರಡನೆಯ ಪಟ್ಟಿಯನ್ನು, ನಸುಕಿನಲ್ಲಿ ಡೈರಿಗೆ ಹಾಲು ಹಾಕಲು ಹೋಗುವ ತನ್ನ ತಾಯಿಗೆ ಹೆಣೆದಳು. ಆ ತಾಯಿ ಅದನ್ನು ಸೆರಗಿನೊಳಗೆ ನಿತ್ಯವೂ ಧರಿಸುತ್ತಾರಂತೆ. ಬಣ್ಣವು ಮಾತ್ರ ಮೆಚ್ಚಿಗೆಯಾಗಲಿಲ್ಲವಂತೆ.