ತಿರುಗದ ಬೀಗದ ಕೈ

ಮನುಷ್ಯನ ತಾಳ್ಮೆಯನ್ನು ಅಳೆಯಲು ಬೇರೆ ಉಪಕರಣ ಬೇಡ. ಅವಸರದಲ್ಲಿರುವವನನ್ನು ಕಾರಿನಲ್ಲಿ ಕೂರಿಸಿ, ತಿರುಗದ ಬೀಗದ ಕೈಯೊಂದನ್ನು ಕೊಟ್ಟರೆ ಸಾಕು. ಮೊದಲು ಮೆಲ್ಲಗೆ ತಿರುಗಿಸುತ್ತಾನೆ, ಆಮೇಲೆ ಬಲ ಹಾಕುತ್ತಾನೆ, ಕೊನೆಗೆ ಇಕ್ಕಳ ಹುಡುಕುತ್ತಾನೆ. ಅಲ್ಲಿಂದ ಮುಂದಿನದು ಮೆಕ್ಯಾನಿಕ್ಕಿನ ಪಾಲು.

ಅತ್ತಿಬೆಲೆಯಲ್ಲಿ ಈ ಪರೀಕ್ಷೆ ಇನ್ನೂ ಸ್ವಲ್ಪ ಕಠಿಣ. ಆನೇಕಲ್ ತಾಲ್ಲೂಕಿನ ಈ ಗಡಿ ಊರನ್ನು ದಾಟಿದರೆ ತಮಿಳುನಾಡಿನ ಹೊಸೂರು. ಹಿಂದೆ 7 ಎನಿಸಿಕೊಂಡು ಈಗ 44 ಆಗಿರುವ ರಾಷ್ಟ್ರೀಯ ಹೆದ್ದಾರಿಯಲ್ಲಿ ಲಾರಿಗಳ ಸಾಲಿಗೆ ಹಗಲು ರಾತ್ರಿಯೆಂಬುದಿಲ್ಲ. ಕಲ್ಲು, ಜಲ್ಲಿ, ಎಂ-ಸ್ಯಾಂಡ್ ಹೊತ್ತ ಗಾಡಿಗಳು ಎಬ್ಬಿಸುವ ಧೂಳು ಎಲ್ಲಿ ಸಂದಿಯಿದೆಯೋ ಅಲ್ಲಿ ಹೋಗಿ ಕೂರುತ್ತದೆ. ಗ್ರಾನೈಟ್ ಧೂಳಿನಲ್ಲಿರುವ ಕ್ವಾರ್ಟ್ಸ್ ಕಣದ ಗಡಸುತನ ಮೋಸ್ ಮಾಪನದಲ್ಲಿ 7. ಬೀಗದೊಳಗಿನ ಹಿತ್ತಾಳೆಯದು 3ರ ಆಸುಪಾಸು. ಎರಡೂ ಉಜ್ಜಾಡಿದರೆ ಸವೆಯುವುದು ಯಾವುದೆಂದು ಬೇರೆ ಹೇಳಬೇಕಿಲ್ಲ.

ಕಾರಿನ ಬೀಗದೊಳಗೆ ಒಂದು ಉರುಳೆ, ಅದರಲ್ಲಿ ಸ್ಪ್ರಿಂಗಿನ ಮೇಲೆ ಕೂತ ತೆಳುವಾದ ಲೋಹದ ಬಿಲ್ಲೆಗಳ ಸಾಲು. ಕೈ ಹಾಕದಿದ್ದಾಗ ಬಿಲ್ಲೆಗಳು ಉರುಳೆಯಿಂದ ಹೊರಚಾಚಿ ಅದನ್ನು ತಡೆದಿರುತ್ತವೆ. ಸರಿಯಾದ ಕೈಯ ಹಲ್ಲುಗಳು ಎಲ್ಲವನ್ನೂ ಒಂದೇ ಮಟ್ಟಕ್ಕೆ ತಂದಾಗ ಮಾತ್ರ ಉರುಳೆ ತಿರುಗುತ್ತದೆ. ಒಂದೇ ಒಂದು ಬಿಲ್ಲೆ ಕೂದಲೆಳೆಯಷ್ಟು ತಲೆಯೆತ್ತಿದರೂ ಸಾಕು, ಪೈಲ್ವಾನನೇ ಬಂದರೂ ಬೀಗ ಜಗ್ಗದು.

ಅತ್ತಿಬೆಲೆಯ ಯುವಕನೊಬ್ಬ ಹಳೆಯ ಮಾರುತಿ ಓಮ್ನಿಯಲ್ಲಿ ರಾತ್ರಿ ಪಾಳಿಯವರನ್ನು ಕಾರ್ಖಾನೆಗೆ ಬಿಟ್ಟು ಸಂಸಾರ ನಡೆಸುತ್ತಿದ್ದ. ತಿಂಗಳಿಂದ ಬೀಗ ಸಿಕ್ಕಿಕೊಳ್ಳುತ್ತಿತ್ತು. ಸಿಕ್ಕಿಕೊಂಡಾಗಲೆಲ್ಲ ಎರಡು ಹನಿ ಕೊಬ್ಬರಿ ಎಣ್ಣೆ ಬಿಡುತ್ತಿದ್ದ. ಡಿಸೆಂಬರಿನ ಒಂದು ನಸುಕಿನಲ್ಲಿ ಪಕ್ಕದ ಮನೆಯ ಹೆಣ್ಣುಮಗಳಿಗೆ ಹೆರಿಗೆ ನೋವು ಬಂತು. ಬೀಗ ಅಲುಗಲಿಲ್ಲ. ಗಾಬರಿಯಲ್ಲಿ ಇಕ್ಕಳ ಹಾಕಿದ. ಕೈ ಮುರಿದು ಅರ್ಧ ಒಳಗೇ ಉಳಿಯಿತು. ಪುಣ್ಯಕ್ಕೆ ಆಟೊ ಸಿಕ್ಕಿತು, ತಾಯಿ ಮಗು ಉಳಿದರು. ಆದರೆ ಆಟೊ ಸಿಗುವವರೆಗಿನ ಅರ್ಧ ಗಂಟೆಯನ್ನು ಆ ಬೀದಿ ಇನ್ನೂ ಮರೆತಿಲ್ಲ.

ಬೀಗ ಬಿಚ್ಚಿದ ವಯಸ್ಸಾದ ಆಟೊ ಎಲೆಕ್ಟ್ರಿಷಿಯನ್ ಅದನ್ನು ಕಾಗದದ ಮೇಲೆ ಕೊಡವಿದರು. ಕಪ್ಪು ಜಿಡ್ಡು ಬಿತ್ತು.

‘ಇದೇನಪ್ಪ ಇದು?’

‘ಜಾರಲಿ ಅಂತ ಎಣ್ಣೆ ಬಿಟ್ಟಿದ್ದೆ ಯಜಮಾನ್ರೇ.’

‘ಎಣ್ಣೆ ಬಿಟ್ಟೆ, ಧೂಳು ಬಂದು ಕೂತ್ಕೊಳ್ತು. ಈಗ ಇದು ಎಣ್ಣೆ ಅಲ್ಲ, ಸಾಣೆ ಹಿಡಿಯೋ ಪೇಸ್ಟು.’

ಯಜಮಾನರ ಮಾತು ವಿಜ್ಞಾನಕ್ಕೆ ಸರಿಯಾಗಿದೆ. ಅದರ ಮೇಲೆ, ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಈ ಸೀಮೆಯ ಚಳಿಗಾಲದ ನಸುಕಿಗೆ ಅಷ್ಟು ಬಿಸಿ ಎಲ್ಲಿ ಬರಬೇಕು?

ಬೀಗ ಹಟ ಹಿಡಿದಾಗ ಮೊದಲು ನೋಡಬೇಕಾದ್ದು ಸ್ಟಿಯರಿಂಗ್. ಬೀಗದ ಕೈ ತೆಗೆದ ಮೇಲೆ ಚಕ್ರ ತಿರುಗಿದರೆ ಉಕ್ಕಿನ ಅಗುಳಿಯೊಂದು ಸ್ಟಿಯರಿಂಗ್ ದಂಡಕ್ಕೆ ಕೂರುತ್ತದೆ. ಮುಂದಿನ ಗಾಲಿಗಳು ಓರೆಯಾಗಿ ನಿಂತಿದ್ದರೆ ಅವುಗಳ ಒತ್ತಡವೆಲ್ಲ ಆ ಅಗುಳಿಯ ಮೇಲೆ. ಒಂದು ಕೈಯಲ್ಲಿ ಸ್ಟಿಯರಿಂಗನ್ನು ಎಡಬಲಕ್ಕೆ ಮೆಲ್ಲಗೆ ಅಲುಗಿಸುತ್ತ ಇನ್ನೊಂದರಲ್ಲಿ ಬೀಗದ ಕೈ ತಿರುಗಿಸಿದರೆ ಎಷ್ಟೋ ಸಲ ಅಲ್ಲಿಗೇ ಕಥೆ ಮುಗಿಯುತ್ತದೆ. ಆಟೊಮ್ಯಾಟಿಕ್ ಗೇರಿನ ಕಾರಾದರೆ ಗೇರು ‘ಪಿ’ಯಲ್ಲಿದೆಯೇ ಎಂದೂ ನೋಡಬೇಕು.

ಎರಡನೆಯದು, ಪೆಟ್ಟಿಗೆಯಲ್ಲಿ ಮಲಗಿರುವ ಇನ್ನೊಂದು ಕೈ. ಅದು ಸಲೀಸಾಗಿ ತಿರುಗಿದರೆ ಬೀಗ ನಿರಪರಾಧಿ. ಸವೆದಿರುವುದು ದಿನ ಬಳಸುವ ಕೈ. ಹೊಸದನ್ನು ಮಾಡಿಸುವಾಗ ಸವೆದದ್ದನ್ನು ಮಾದರಿಗೆ ಕೊಟ್ಟರೆ ಸವಕಲೂ ನಕಲಾಗಿ ಬರುತ್ತದೆ.

ಎರಡೂ ಅಲ್ಲವಾದರೆ ಗ್ರಾಫೈಟ್. ಇದರ ಪದರಗಳು ಒಂದರ ಮೇಲೊಂದು ಸುಲಭವಾಗಿ ಜಾರುತ್ತವೆ. ಒಣಗಿರುವುದರಿಂದ ಧೂಳನ್ನು ಹಿಡಿದಿಡುವುದಿಲ್ಲ. ಬೀಗದ ಕೈಯನ್ನು ಚೆನ್ನಾಗಿ ಒರೆಸಿ, 6ಬಿ ಪೆನ್ಸಿಲಿನಿಂದ ಎರಡೂ ಬದಿ ಉಜ್ಜಿ, ಹತ್ತಾರು ಸಲ ಒಳಗೆ ಹೊರಗೆ ಆಡಿಸಿದರೂ ಆದೀತು. ಪೆನ್ಸಿಲಿನಲ್ಲಿ ಜೇಡಿಮಣ್ಣೂ ಇರುವುದರಿಂದ ಅಂಗಡಿಯ ಗ್ರಾಫೈಟ್ ಪುಡಿ ಇನ್ನೂ ಮೇಲು. ಆದರೆ ಒಂದು ಚಿಟಿಕೆ ಸಾಕು. ಗ್ರಾಫೈಟ್ ವಿದ್ಯುದ್ವಾಹಕ, ಬೀಗದ ಹಿಂದೆಯೇ ವಿದ್ಯುತ್ತಿನ ಸ್ವಿಚ್ಚಿದೆ. ಈಗಾಗಲೇ ಎಣ್ಣೆ ಕುಡಿದ ಬೀಗಕ್ಕೆ ಪುಡಿ ಹಾಕಿದರೆ ಕೆಸರಾದೀತು. ಅದನ್ನು ಬಿಚ್ಚಿ ತೊಳೆಯಲು ಬಲ್ಲವರಿಗೇ ಕೊಡಬೇಕು.

ಸಣ್ಣ ಬೀಗಕ್ಕೆ ಇಷ್ಟು ದೊಡ್ಡ ಮಾತೇ ಎನ್ನಬೇಡಿ. ಅಮೆರಿಕದ ಜನರಲ್ ಮೋಟರ್ಸ್ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ಹಿಂದಕ್ಕೆ ಕರೆಸಿದ್ದು ಇಗ್ನಿಷನ್ ಸ್ವಿಚ್ಚಿನ ದೋಷದಿಂದ. ಅಲ್ಲಿ ತೊಂದರೆ ಬಿಗಿಯದಲ್ಲ, ಸಡಿಲದ್ದು. ಭಾರದ ಗೊಂಚಲೋ ರಸ್ತೆಯ ಕುಲುಕೋ ಸಾಕಾಗಿ, ಓಡುತ್ತಿದ್ದಾಗಲೇ ಬೀಗದ ಕೈ ಜಾರಿ ಎಂಜಿನ್ ನಿಲ್ಲುತ್ತಿತ್ತು, ಏರ್‌ಬ್ಯಾಗ್ ಬಿಚ್ಚುತ್ತಿರಲಿಲ್ಲ. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಮನೆ, ಅಂಗಡಿ, ಬೀರುಗಳ ಕೈಗಳನ್ನೆಲ್ಲ ಕಾರಿನ ಗೊಂಚಲಿಗೇ ನೇತುಹಾಕುವವರು ಇದನ್ನು ಒಮ್ಮೆ ನೆನೆಯುವುದು ಒಳ್ಳೆಯದು.

ಈಗ ಗುಂಡಿ ಒತ್ತಿದರೆ ಸ್ಟಾರ್ಟ್ ಆಗುವ ಕಾರುಗಳು ಬಂದಿವೆ. ಆದರೂ ಬೀಗದ ಕೈ ತಿರುಗಿಸಿ ಹೊರಡುವ ಗಾಡಿಗಳಿಗೇನೂ ಬರವಿಲ್ಲ. ಬೀಗ ಒಂದೇ ದಿನದಲ್ಲಿ ಕೆಡುವುದಿಲ್ಲ; ವಾರಗಟ್ಟಲೆ ಮೊದಲೇ ತಡವರಿಸಿ ತನ್ನ ಕಷ್ಟ ಹೇಳಿಕೊಳ್ಳುತ್ತದೆ. ಅದನ್ನು ಕೇಳಿಸಿಕೊಳ್ಳಲು ಬಿಡುವಿರುವುದು ಅವಸರವಿಲ್ಲದ ದಿನ ಮಾತ್ರ. ಸಿಟ್ಟಿನಲ್ಲಿ ಕೊಯ್ದ ಮೂಗಿನಂತೆ, ಅವಸರದಲ್ಲಿ ಮುರಿದ ಕೈಯೂ ಮತ್ತೆ ಕೂಡುವುದಿಲ್ಲ.