ವೆಟ್ಸ್ಲಾರಿನ ಮಂದ ಬೆಳಕಿನಲ್ಲಿ

ಜರ್ಮನಿಯ ಹೆಸ್ಸೆ ಪ್ರಾಂತದಲ್ಲಿ ಲಾನ್ ಎಂಬ ನದಿಯ ದಡದ ಮೇಲೆ ವೆಟ್ಸ್ಲಾರ್ ಎಂಬ ಪುರಾತನ ಪಟ್ಟಣವಿದೆ. ಫ್ರಾಂಕ್‌ಫರ್ಟ್ ನಗರದಿಂದ ಉತ್ತರಕ್ಕೆ ರೈಲಿನಲ್ಲಿ ಹೊರಟರೆ ಸುಮಾರು ಒಂದು ಗಂಟೆಯ ಪ್ರಯಾಣ. ಏರುದಾರಿಯ ಕಲ್ಲುಹಾಸಿನ ಓಣಿಗಳು, ಮರದ ತೊಲೆಗಳ ನಡುವೆ ಗಾರೆ ತುಂಬಿ ಕಟ್ಟಿದ ಮನೆಗಳು, ಊರ ನೆತ್ತಿಯಲ್ಲಿ ದೊಡ್ಡ ದೇವಾಲಯ. ಸಾಹಿತ್ಯಾಸಕ್ತರಿಗೆ ಈ ಊರು ಮಹಾಕವಿ ಗಯಟೆಯಿಂದ ಪರಿಚಿತ. 1772ರಲ್ಲಿ ಆತ ಇಲ್ಲಿಯ ಸಾಮ್ರಾಜ್ಯ ನ್ಯಾಯಾಲಯದಲ್ಲಿ ಕಾನೂನಿನ ಅಭ್ಯಾಸಕ್ಕಾಗಿ ಕೆಲವು ತಿಂಗಳು ಇದ್ದನು. ಷಾರ್ಲೊಟೆ ಬುಫ್ ಎಂಬ ಕನ್ಯೆಯಲ್ಲಿ ಮನಸ್ಸಿಟ್ಟು, ಫಲಿಸದೆ ಹೊರಟುಹೋದನು. ಆ ವೇದನೆಯೇ 1774ರಲ್ಲಿ ವೆರ್ಟರನ ಕಥೆಯಾಗಿ ಯುರೋಪನ್ನೆಲ್ಲ ಅಲುಗಾಡಿಸಿತು. ಆಕೆಯ ಮನೆಯನ್ನು ಈಗಲೂ ಜೋಪಾನವಾಗಿ ಕಾಪಾಡಿ ಯಾತ್ರಿಕರಿಗೆ ತೋರಿಸುತ್ತಾರೆ.

ನಾವು ಈ ಊರಿಗೆ ಹೋದದ್ದು ಗಯಟೆಗಾಗಿ. ನಮ್ಮನ್ನು ಕರೆದೊಯ್ದ ನಮ್ಮ ಅಕ್ಕನ ಮಗ ಬಂದದ್ದು ಕ್ಯಾಮೆರಾಕ್ಕಾಗಿ. ಫ್ರಾಂಕ್‌ಫರ್ಟ್‌ನಲ್ಲಿ ಇಂಜಿನಿಯರ್ ವೃತ್ತಿಯಲ್ಲಿರುವ ಆತನಿಗೆ ವೆಟ್ಸ್ಲಾರ್ ಒಂದು ಕ್ಷೇತ್ರವೇ ಸರಿ. ಎಪ್ಪತ್ತೆಂಟರ ಪ್ರಾಯದ ಅಕ್ಕನೂ ಜೊತೆಗಿದ್ದರು. ಮಗನ ಬಳಿ ಒಂದು ವರ್ಷವಿದ್ದು, ಮುಂದಿನ ವಾರ ಧಾರವಾಡಕ್ಕೆ ಹಿಂತಿರುಗುವವರಿದ್ದರು. ಕಣ್ಣಿನ ಒತ್ತಡದ ವ್ಯಾಧಿಯಿಂದ ಅವರ ದೃಷ್ಟಿ ಕ್ಷೀಣಿಸುತ್ತಿತ್ತು. ಮತ್ತೊಮ್ಮೆ ಇಷ್ಟು ದೂರ ಬರುವ ಮಾತು ಇರಲಿಲ್ಲ.

ಊರ ಮಧ್ಯದಲ್ಲಿ ಐಸೆನ್‌ಮಾರ್ಕ್ಟ್, ಅಂದರೆ ಕಬ್ಬಿಣಪೇಟೆ, ಎಂಬ ಸಣ್ಣ ಚೌಕವಿದೆ. ಅರಿಯದವನು ಎರಡು ನಿಮಿಷದಲ್ಲಿ ದಾಟಿಹೋಗಬಹುದು. ಇಲ್ಲಿಯೇ ಓಸ್ಕರ್ ಬಾರ್ನಾಕ್ ಎಂಬ ಯಂತ್ರಕುಶಲಿ ತಾನೇ ನಿರ್ಮಿಸಿದ ಪುಟ್ಟ ಕ್ಯಾಮೆರಾದಿಂದ 1914ರ ಸುಮಾರಿಗೆ ಚಿತ್ರ ತೆಗೆದನು. ಆ ಕಾಲದ ಕ್ಯಾಮೆರಾಗಳು ಗಾಜಿನ ಫಲಕ, ಮುಕ್ಕಾಲಿ ಸಮೇತ ಹೊರೆಯಾಗಿದ್ದವು. ಬಾರ್ನಾಕನಿಗೆ ಉಬ್ಬಸ, ಹೊರೆ ಹೊತ್ತು ಗುಡ್ಡ ಹತ್ತಲಾಗದೆ ಚಲನಚಿತ್ರದ ಫಿಲಂ ಸುರುಳಿಯನ್ನೇ ಬಳಸುವ, ಕೋಟಿನ ಜೇಬಿಗೆ ಇಳಿಯುವ ಕ್ಯಾಮೆರಾವನ್ನು ಕಲ್ಪಿಸಿದನೆಂದು ಹೇಳುತ್ತಾರೆ. ಸೂಕ್ಷ್ಮದರ್ಶಕಗಳನ್ನು ತಯಾರಿಸುತ್ತಿದ್ದ ಲೈಟ್ಸ್ ಕಾರ್ಖಾನೆಯ ಒಡೆಯ ಎರಡನೆಯ ಎರ್ನ್ಸ್ಟ್ ಲೈಟ್ಸ್, ಯುದ್ಧಾನಂತರದ ಮುಗ್ಗಟ್ಟಿನ ದಿನಗಳಲ್ಲಿ ಅದನ್ನು ತಯಾರಿಸುವ ಸಾಹಸಕ್ಕೆ ಕೈಹಾಕಿದನು. 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ ಅದು ಜನರ ಮುಂದೆ ಬಂತು. ಲೈಟ್ಸ್ ಮತ್ತು ಕ್ಯಾಮೆರಾ ಎಂಬೆರಡು ಶಬ್ದಗಳ ಮೊದಲಕ್ಷರಗಳು ಕೂಡಿ ‘ಲೈಕಾ’ ಎಂದಾಯಿತು.

ಈ ಮನೆತನದ ಇನ್ನೊಂದು ವೃತ್ತಾಂತವನ್ನು ಹೇಳದೆ ಮುಂದುವರಿಯುವುದು ಸರಿಯಲ್ಲ. ಹಿಟ್ಲರನ ಆಡಳಿತ ಬಂದಾಗ ಲೈಟ್ಸ್ ತನ್ನ ಯಹೂದಿ ನೌಕರರನ್ನೂ ಪರಿಚಿತರನ್ನೂ ಉದ್ಯೋಗದ ನೆಪದಲ್ಲಿ ಹೊರದೇಶಗಳಿಗೆ ಕಳುಹಿಸಿ ಪ್ರಾಣ ಉಳಿಸಿದನು. ಆತನ ಮಗಳು ಎಲ್ಸಿ ಕ್ಯೂನ್-ಲೈಟ್ಸ್ ಯಹೂದಿ ಸ್ತ್ರೀಯರಿಗೆ ಪಲಾಯನದಲ್ಲಿ ನೆರವಾದ ಕಾರಣಕ್ಕೆ 1943ರಲ್ಲಿ ಸೆರೆಮನೆಗೆ ಹೋಗಬೇಕಾಯಿತು. ಅದೇ ಕಾಲದಲ್ಲಿ ಅದೇ ಕಾರ್ಖಾನೆಯಲ್ಲಿ ಉಕ್ರೇನಿನಿಂದ ಬಲಾತ್ಕಾರವಾಗಿ ತಂದ ಹೆಣ್ಣುಮಕ್ಕಳು ದುಡಿಯುತ್ತಿದ್ದರು ಎಂಬುದೂ ಸತ್ಯ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವವರ ಮಾತು ನಮಗೆ ಒಪ್ಪಿಗೆಯಾಗುವುದಿಲ್ಲ.

ಅಳಿಯನ ಹೆಗಲಲ್ಲಿದ್ದುದು ಎಂ-3 ಎಂಬ ಮಾದರಿ. 1954ರಲ್ಲಿ ಮೊದಲು ಹೊರಬಂದದ್ದು. ಈತ ಕೊಂಡದ್ದು ಕೈಬದಲಿಯಾದದ್ದು. ಈ ಬಗೆಯ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನೋಟವು ಮಸೂರದ ಮೂಲಕ ಹಾದುಬರುವುದಿಲ್ಲ. ಮೈಮೇಲೆ ಪರಸ್ಪರ ದೂರದಲ್ಲಿ ಎರಡು ಕಿಟಕಿಗಳಿರುತ್ತವೆ. ಒಂದರ ನೋಟದ ನಡುವೆ ಇನ್ನೊಂದರ ಬಿಂಬ ಹೊಳೆಯುವ ಚಿಕ್ಕ ಚೌಕವಾಗಿ ಕಾಣುತ್ತದೆ. ಮಸೂರದ ಬಳೆಯನ್ನು ತಿರುಗಿಸುತ್ತ ಹೋದಂತೆ ಎರಡು ಬಿಂಬಗಳು ಸರಿದು ಸರಿದು ಒಂದಾಗುತ್ತವೆ. ಒಂದಾದಾಗ ದೂರ ಸರಿಯಾಯಿತೆಂದು ಅರ್ಥ. ನಾವೂ ಕಣ್ಣಿಟ್ಟು ನೋಡಿದೆವು. ಅಕ್ಕನ ಎರಡು ಮುಖಗಳು ಮೆಲ್ಲನೆ ಬಂದು ಒಂದೇ ಮುಖವಾದವು.

ಆ ಕ್ಯಾಮೆರಾಕ್ಕೆ ಆತ ತೊಡಿಸಿದ್ದ ಮಸೂರ ಮಾತ್ರ ವೆಟ್ಸ್ಲಾರಿನದಲ್ಲ, ಜಪಾನಿನದು. ಚಿಬಾ ಪ್ರಾಂತದ ಮಿಯಾಝಾಕಿ ಸದಯಾಸು ಎಂಬ ಕುಶಲಕರ್ಮಿ ಕೈಯಿಂದ ಜೋಡಿಸಿ ಹೊಂದಿಸಿದ ‘ಸೊನ್ನೆಟಾರ್’. ಅದರ ನಾಭಿದೂರ 50 ಮಿಲಿಮೀಟರ್. ಇದನ್ನೇ ಛಾಯಾಗ್ರಾಹಕರು ಸಾಮಾನ್ಯ ಮಸೂರವೆನ್ನುತ್ತಾರೆ. ಬಾಯಿಯ ಅಳತೆ 1.1. ನಾಭಿದೂರವನ್ನು ಬಾಯಿಯ ವ್ಯಾಸದಿಂದ ಭಾಗಿಸಿದಾಗ ಈ ಸಂಖ್ಯೆ ಬರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು. 2 ಎಂಬ ಅಳತೆಯ ಮಸೂರಕ್ಕಿಂತ ಇದು ಮೂರು ಪಟ್ಟಿಗೂ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ. ಇಷ್ಟಾಗಿಯೂ ತೂಕ ಇನ್ನೂರು ಗ್ರಾಂ ಆಗುವುದಿಲ್ಲ. ಐದೇ ಗಾಜುಗಳು. ಇದರ ಮೂಲ 1930ರ ದಶಕದ ಆರಂಭದಲ್ಲಿ ಝೈಸ್ ಸಂಸ್ಥೆಗಾಗಿ ಲುಡ್ವಿಗ್ ಬರ್ಟೆಲೆ ರಚಿಸಿದ ‘ಸೊನ್ನಾರ್’ ವಿನ್ಯಾಸದಲ್ಲಿದೆ. ಗಾಜಿನ ಮೇಲೆ ಲೇಪನ ಹಚ್ಚುವ ವಿದ್ಯೆ ಬಳಕೆಗೆ ಬರುವ ಮೊದಲು, ಗಾಜು ಗಾಳಿಗೆ ತಾಗುವ ಮೈಗಳು ಕಡಿಮೆಯಾದಷ್ಟೂ ಬೆಳಕು ಪ್ರತಿಫಲಿಸಿ ವ್ಯರ್ಥವಾಗುವುದು ಕಡಿಮೆಯಾಗುತ್ತಿತ್ತು. ಆ ಜಾಣ್ಮೆ ಬರ್ಟೆಲೆಯದು.

ಕೈಕೆಲಸದ ಮಸೂರಕ್ಕೆ ವೆಟ್ಸ್ಲಾರ್ ಸಹ ಹೊರತಲ್ಲ. 1966ರಲ್ಲಿ ಲೈಟ್ಸ್‌ನವರು ‘ನಾಕ್ಟಿಲಕ್ಸ್’ ಎಂಬ 1.2 ಅಳತೆಯ ಮಸೂರವನ್ನು ಹೊರತಂದರು. ಲ್ಯಾಟಿನ್ನಿನಲ್ಲಿ ರಾತ್ರಿ ಮತ್ತು ಬೆಳಕು ಎಂಬೆರಡು ಶಬ್ದಗಳ ಕೂಟ ಅದು. ಅದರ ಎರಡು ಮೈಗಳು ಗೋಳದ ಬಾಗಿಗೆ ಸೇರಿದವಲ್ಲ. ಗೋಳಾಕಾರವನ್ನು ಯಂತ್ರ ತಾನಾಗಿ ಉಜ್ಜಿ ಕೊಡಬಲ್ಲದು. ಆ ಬಾಗನ್ನು ಮೀರಿದ ಮೈಯನ್ನು ಅಂದು ವಿಶೇಷ ಯಂತ್ರದ ಮುಂದೆ ಕುಳಿತು ನುರಿತ ಕೈಯೇ ತಿದ್ದಬೇಕಾಗಿತ್ತು. ತಿದ್ದಿದವುಗಳಲ್ಲಿ ಕೈಬಿಡಬೇಕಾದವೇ ಬಹಳ. ಒಟ್ಟು ತಯಾರಾದವು ಎರಡು ಸಾವಿರಕ್ಕಿಂತ ಕಡಿಮೆ. ಮುಂದೆ ಕೆನಡಾದ ಶಾಖೆಯಲ್ಲಿದ್ದ ವಾಲ್ಟರ್ ಮಾಂಡ್ಲರ್ ಆ ಕಷ್ಟದ ಮೈಗಳೇ ಇಲ್ಲದೆ 1.0 ಅಳತೆಯನ್ನು ಸಾಧಿಸಿದನು. 1980ರ ದಶಕದ ಕೊನೆಗೆ ಪಕ್ಕದ ಜೋಲ್ಮ್ಸ್ ಊರಿಗೆ ಹೋಗಿದ್ದ ಕ್ಯಾಮೆರಾ ಕಾರ್ಖಾನೆ 2014ರಲ್ಲಿ ವೆಟ್ಸ್ಲಾರಿಗೆ ಹಿಂತಿರುಗಿತು. 2021ರಲ್ಲಿ ಆ 1966ರ ಮಸೂರವನ್ನು ಮರಳಿ ತಯಾರಿಸಲಾಯಿತು.

ಇಂಥ ಮಸೂರವನ್ನು ಪೂರ್ತಿ ತೆರೆದು ಬಳಸುವುದು ಹಗುರ ಕೆಲಸವಲ್ಲ. ಒಂದು ಮೀಟರ್ ದೂರದ ಮುಖವನ್ನು ಹಿಡಿದರೆ, ಸ್ಪಷ್ಟವಾಗಿ ಮೂಡುವ ಆಳ ಸುಮಾರು ಎರಡೂವರೆ ಸೆಂಟಿಮೀಟರ್ ಮಾತ್ರ. ಕಣ್ಣು ಸ್ಪಷ್ಟವಾದರೆ ಕಿವಿ ಮಂಜು. ಎದುರಿನವರು ಉಸಿರಾಡಿ ತುಸು ಮುಂದೆ ಬಾಗಿದರೂ ಲೆಕ್ಕ ತಪ್ಪಿತು. ಸೊನ್ನಾರ್ ಜಾತಿಯ ಮಸೂರದಲ್ಲಿ ಬಾಯಿಯನ್ನು ಕಿರಿದು ಮಾಡಿದರೆ ಸ್ಪಷ್ಟತೆಯ ನೆಲೆಯೇ ಸ್ವಲ್ಪ ಹಿಂದೆ ಸರಿಯುತ್ತದೆ. ರೇಂಜ್‌ಫೈಂಡರಿನ ಕಿಟಕಿ ಆ ಸರಿತವನ್ನು ತೋರಿಸಲಾರದು. ಬಳಸುವವನು ತನ್ನ ಮಸೂರದ ಸ್ವಭಾವವನ್ನು ಬಹುದಿನ ಒಡನಾಡಿಯೇ ಅರಿಯಬೇಕು. ಅಳಿಯನಿಗೆ ಎಂಟು ತಿಂಗಳು ಹಿಡಿಯಿತಂತೆ.

ಸಂಜೆ ದೇವಾಲಯಕ್ಕೆ ಹೋದೆವು. ಡೋಮ್ ಎಂದು ಕರೆಯುವರಾದರೂ ಅಲ್ಲಿ ಬಿಷಪ್ಪರ ಪೀಠವಿಲ್ಲ. ಹದಿಮೂರನೆಯ ಶತಮಾನದಲ್ಲಿ ಹಳೆಯ ಕಟ್ಟಡದ ಸುತ್ತ ಹೊಸದನ್ನು ಎತ್ತಲಾರಂಭಿಸಿದರು. ಹಣ ಸಾಲದೆ ನಿಂತುಹೋಯಿತು. ಪಶ್ಚಿಮ ಮುಖದ ಒಂದು ಗೋಪುರ ಏರಿದೆ, ಇನ್ನೊಂದು ಬುಡದಲ್ಲೇ ಉಳಿದಿದೆ, ಹಿಂದೆ ಹಳೆಯ ಗೋಪುರವೂ ಹಾಗೆಯೇ ಇದೆ. ಮತಸುಧಾರಣೆಯ ಕಾಲದಿಂದ ಕ್ಯಾಥೊಲಿಕರೂ ಪ್ರೊಟೆಸ್ಟಂಟರೂ ಈ ಒಂದೇ ಸೂರಿನಡಿ ಸರದಿಯಂತೆ ಪ್ರಾರ್ಥಿಸುತ್ತ ಬಂದಿದ್ದಾರೆ. ಯುರೋಪಿನಲ್ಲಿ ಆ ಎರಡು ಪಂಗಡಗಳ ಕದನದ ಚರಿತ್ರೆಯನ್ನು ಓದಿದ ನಮಗೆ, ಅಪೂರ್ಣವಾದ ಈ ಕಟ್ಟಡದ ಮೇಲೆ ಪೂರ್ಣವಾದವುಗಳಿಗಿಂತ ಹೆಚ್ಚು ಗೌರವ ಮೂಡಿತು.

ಒಳಗೆ ಮೇಣದ ಬತ್ತಿಗಳು ಉರಿಯುತ್ತಿದ್ದವು. ಅಕ್ಕ ದಣಿದು ಹತ್ತಿರದ ಬೆಂಚಿನ ಮೇಲೆ ಕುಳಿತರು. ಅವರ ಎಪ್ಪತ್ತೈದರ ಸಮಾರಂಭದಲ್ಲಿ ಬಂದ ಛಾಯಾಗ್ರಾಹಕ ನೂರಾರು ಚಿತ್ರ ತೆಗೆದಿದ್ದನು. ಫ್ಲ್ಯಾಷ್ ದೀಪದ ಹೊಡೆತಕ್ಕೆ ಎಲ್ಲದರಲ್ಲೂ ಅವರ ಕಣ್ಣು ಮುಚ್ಚಿತ್ತು. ಪ್ರಾರ್ಥನೆಯ ಸ್ಥಳದಲ್ಲಿ ಮಿಂಚು ಹಾರಿಸುವುದೂ ಸಲ್ಲದು. ಅಳಿಯ ಮಸೂರವನ್ನು ಪೂರ್ತಿ ತೆರೆದು, ಮೊಣಕಾಲೂರಿ, ಬಳೆಯನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸುತ್ತ ಬಹಳ ಹೊತ್ತು ಕಾದನು.

“ಎಷ್ಟೊತ್ತು ನೋಡ್ತೀಯೋ ತಮ್ಮಾ?” ಎಂದರು ಅಕ್ಕ.

“ಎರಡು ಅವ್ವ ಕಾಣ್ತಾರವಾ, ಒಂದಾಗ್ಲಿ ತಡಿ.”

ಕ್ಲಿಕ್ ಎಂಬ ಸದ್ದು ಮೇಣದ ಬತ್ತಿಯ ಚಟಚಟಕ್ಕಿಂತ ದೊಡ್ಡದೇನೂ ಆಗಿರಲಿಲ್ಲ.

1948ರ ಜನವರಿ 30ರ ರಾತ್ರಿ ದೆಹಲಿಯ ಬಿರ್ಲಾ ಭವನದ ಗೇಟಿನ ಬಳಿ ನೆಹರೂ ಅವರು ಗಾಂಧೀಜಿಯ ನಿಧನವನ್ನು ಜನಕ್ಕೆ ತಿಳಿಸುತ್ತಿರುವ ಚಿತ್ರವನ್ನು ಓದುಗರು ನೋಡಿರಬಹುದು. ಫ್ರಾನ್ಸಿನ ಆಂರಿ ಕಾರ್ತಿಯೇ-ಬ್ರೆಸೋನ್ ಲೈಕಾದಿಂದ ತೆಗೆದದ್ದು. ಬೆಳಕು ಸಾಲದೆ ಚಿತ್ರ ಮಸುಕಾಗಿದೆ. ಆ ಮಸುಕಿನಲ್ಲಿಯೇ ಆ ರಾತ್ರಿ ಇದೆ. ಇಂಥ ಸಮಯಕ್ಕಾಗಿಯೇ ಮನುಷ್ಯ ಇಷ್ಟು ಅಗಲದ ಗಾಜನ್ನು ಉಜ್ಜಿದ್ದಾನೆ ಎಂದು ನಮಗೆ ಅಂದು ತೋರಿತು.

ಧಾರವಾಡಕ್ಕೆ ಹೊರಡುವ ಹಿಂದಿನ ದಿನ ಚಿತ್ರದ ಪ್ರತಿ ಕೈಗೆ ಬಂತು. ಅಕ್ಕನ ಕಣ್ಣುಗಳು ತೆರೆದಿವೆ, ರೆಪ್ಪೆಯ ಒಂದೊಂದು ಕೂದಲೂ ಎಣಿಸುವಂತಿದೆ. ಸೆರಗಿನ ಅಂಚು ಅಷ್ಟರಲ್ಲೇ ಕರಗಿಹೋಗಿದೆ. ಅಕ್ಕ ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಬೆನ್ನ ಹಿಂದಿನ ದೀಪಗಳ ಮೇಲೆ ಬೆರಳಿಟ್ಟು ಕೇಳಿದರು:

“ಇವು ಯಾಕ ಹೂವಿನ್ಹಂಗ ಅರಳ್ಯಾವ? ನನಗ ದಿನಾ ದೀಪ ಹಿಂಗ ಕಾಣ್ತಾವ.”